ಮುಂದಿನ ತಿಂಗಳ ನೋಟೀಸು

ಗಾಜಿನ ಬಾಗಿಲ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ.
ಪ್ರಿನ್ಸಿಪಾಲರ ಸಹಿ ಇನ್ನೂ ಹಸಿ,
ಊದುತ್ತಾ ಊದುತ್ತಾ ಮೆಟ್ಟಿಲಿಳಿದು ತಂದಿದ್ದೇನೆ.
ಹಳೆಯದನ್ನೆಲ್ಲ ಕಿತ್ತೆ: ಪರೀಕ್ಷೆಯ ಶುಲ್ಕ,
ಕಳೆದುಹೋದ ಕೊಡೆ, ಆನೆ ಇದೆ ಎಚ್ಚರಿಕೆ.
ನಾಲ್ಕು ಪಿನ್ನು ಮಿಗಬೇಕಿತ್ತು, ಸಿಕ್ಕಿದ್ದು ಮೂರು.

ಗೋಣಿಕೊಪ್ಪದ ಈ ಕಾಲೇಜಿಗೆ ಬಂದು ಹನ್ನೊಂದು ವರ್ಷ.
ಓದಲಿಕ್ಕಲ್ಲ; ಗಂಟೆ ಹೊಡೆಯಲಿಕ್ಕೆ,
ಓದುವವರಿಗೆ ಬಾಗಿಲು ತೆಗೆಯಲಿಕ್ಕೆ.
ಅಕ್ಷರ ಮಾತ್ರ ಅಲ್ಲೊಂದು ಇಲ್ಲೊಂದು ಕೂಡಿಸಿಕೊಂಡೆ,
ಗಿಡದಡಿ ಉದುರಿದ ಕಾಫಿ ಹೆಕ್ಕಿದ ಹಾಗೆ.

ಎಂಟನೇ ತಾರೀಕು ಚಿತ್ರ ಪ್ರದರ್ಶನ,
ಹಳೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ.
ಎಷ್ಟು ತೊಳೆದರೂ ಅಲ್ಲಿ ಕೊಳೆತ ಮೊಟ್ಟೆಯ ವಾಸನೆ;
ಬರುವ ಅತಿಥಿಗಳು ಅದು ಚಿತ್ರದ್ದೇ ಎಂದುಕೊಂಡಾರು.
ಕೊನೆ ವರ್ಷದ ಜಸಿಂತಾ ಹದಿನೇಳು ಬರೆದಿದ್ದಾಳೆ,
ಹದಿನೇಳೂ ಅವಳಜ್ಜಿಯ ಮೊಣಕಾಲು.
ಮುಖ ಎಲ್ಲಿ ಮಗಾ ಅಂದೆ.
ಮುಖ ಎಲ್ಲರೂ ನೋಡ್ತಾರಲ್ಲ ಲೀಲಕ್ಕ, ಅಂದಳು.
ಮನೆಗೆ ಹೋಗಿ ಆ ರಾತ್ರಿ
ನನ್ನದನ್ನು ನಾನೇ ದೀಪ ಹಿಡಿದು ನೋಡಿಕೊಂಡೆ.

ಹದಿನೈದಕ್ಕೆ ಪಿಟೀಲು. ಮೈಸೂರಿನ ವಿದ್ವಾಂಸರು.
ಐದಕ್ಕೆ ಶುರು, ಆರಕ್ಕೆ ಮುಕ್ತಾಯ,
ದಪ್ಪ ಅಕ್ಷರ, ಅಡಿಯಲ್ಲಿ ಗೆರೆ.
ತಿತಿಮತಿ ಕಡೆಯ ಮಕ್ಕಳಿಗೆ ಕೊನೆ ಬಸ್ಸು ಆರೂಕಾಲಿಗೆ,
ಆಮೇಲೆ ರಸ್ತೆ ಆನೆಯದು.
ರಾಗ ಮುಗಿಯದಿದ್ದರೆ ನಾನೇ ಗಂಟೆ ಹೊಡೆಯಬೇಕಂತೆ.
ಅದು ಯಾವ ಶ್ರುತಿಗೆ ಕೂರುತ್ತದೋ, ದೇವರೇ.

ಇಪ್ಪತ್ತೆರಡಕ್ಕೆ ಫೋಟೋ, ಒಣಮೀನಂಗಡಿಯ ಶಮ್ನಾದ್ ತೆಗೆದದ್ದು.
ಬೆಳಗಿನ ಮಂಜಲ್ಲಿ ತೋಟದ ಜೀಪು ಹತ್ತುವ ಜನ.
ಒಂದರಲ್ಲಿ ನನ್ನ ತಂಗಿಯ ಬುತ್ತಿ ಇದೆ,
ತಂಗಿ ಇಲ್ಲ.

ಕಡೆಗೆ ಇಪ್ಪತ್ತೊಂಬತ್ತು, ಶುಕ್ರವಾರ:
ದುಡಿ. ಬೆಳಿಗ್ಗೆ ಹತ್ತಕ್ಕೆ.
ಎಲ್ಲರೂ ತಪ್ಪದೆ ಹಾಜರಿರತಕ್ಕದ್ದು.

ಅಷ್ಟೇ ಬರೆದಿದೆ.
ಹಾಸನ ಕಡೆಯ ಹುಡುಗನೊಬ್ಬ ಓದಿ ನಕ್ಕ,
ಇದೇನಕ್ಕ, ಮೇಸ್ತ್ರಿಯ ಆರ್ಡರಾ?
ಅಲ್ಲಪ್ಪ, ವಾದ್ಯ. ನಡು ಸಣ್ಣ, ಎರಡೂ ಕಡೆ ಚರ್ಮ,
ಎಂದು ಕೈಯಲ್ಲಿ ಗಾಳಿ ಹಿಡಿದು ತೋರಿಸಿದೆ.
ಹೇಳಲಿಲ್ಲ ಅವನಿಗೆ,
ನನಗೂ ಮೊದಲು ಕೇಳಿಸಿದ್ದು ಮೇಸ್ತ್ರಿಯ ಗಂಟಲೇ.

ಬಾರಿಸುವವನು ನಮ್ಮ ಹಾಡಿಯ ಬೊಳಕ ಮಾವ.
ಒಪ್ಪಿಸಲಿಕ್ಕೆ ಮೂರು ಸಂಜೆ ಹಿಡಿಯಿತು.
ಯಾರು ಸತ್ತಿದ್ದಾರೆ?
ಯಾರೂ ಇಲ್ಲ ಮಾವ.
ಮದುವೆಯಾ?
ಅಲ್ಲ. ಕುರ್ಚಿ ಹಾಕಿ ಕೂತು, ಸುಮ್ಮನೆ ಕೇಳುತ್ತಾರೆ.
ಸುಮ್ಮನೆ ಕೇಳುವವರೂ ಇದ್ದಾರಾ, ಎಂದು
ಎಲೆಯಡಿಕೆ ಉಗಿದು ಬಂದು ಮತ್ತೆ ಕೂತ.

ಎಷ್ಟು ನಿಮಿಷ ಎಂದು ಕೇಳಿ ಕಳಿಸಿದ್ದರು ಆಫೀಸಿನವರು.
ನಿಮಿಷದ ಸುದ್ದಿ ಅವನಿಗೆ ಹೇಳಲೇ ಇಲ್ಲ,
ನಲವತ್ತು ಎಂದು ನಾನೇ ಬರೆದುಕೊಟ್ಟೆ.
ಬೆಂಕಿ ಬೇಕು ಮಾತ್ರ, ಚರ್ಮ ಕಾಯಿಸಲಿಕ್ಕೆ;
ಚಳಿಗಾಲದ ಚರ್ಮ ಬೆಚ್ಚಗಾಗದೆ ಬಾಯಿ ಬಿಡುವುದಿಲ್ಲ.
ಸಭಾಂಗಣದ ಗೋಡೆಯಲ್ಲಿ ಕೆಂಪು ಬೋರ್ಡು, ಬೆಂಕಿ ನಿಷೇಧ.
ಸೈಕಲ್ ಸ್ಟ್ಯಾಂಡಿನ ಹಿಂದೆ ಜಾಗ ನೋಡಿಟ್ಟಿದ್ದೇನೆ,
ಒಣಗಿದ ಕಾಫಿ ಕೊಂಬೆ ಒಂದು ಹೊರೆ ಸೇರಿಸಿದ್ದೇನೆ,
ಯಾರಾದರೂ ಕೇಳಿದರೆ
ಬಿಸಿನೀರಿಗೆ ಅನ್ನುವುದು.

ಮೂರು ಮೂಲೆಗೆ ಪಿನ್ನು ಒತ್ತಿದೆ,
ನಾಲ್ಕನೆಯದು ಬಾಗಿ ನಿಂತಿದೆ. ಇರಲಿ.

ನಿನ್ನೆ ರಾತ್ರಿ ಮಾವನಿಗೆ ಹೊಸ ಚಿಂತೆ.
ಕೊಯ್ಲಿನ ಸಮಯ, ಶುಕ್ರವಾರ ರಜೆ ಕೇಳಬೇಕು,
ಮೇಸ್ತ್ರಿಗೆ ಏನಂತ ಹೇಳಲಿ?
ದುಡಿಗೆ ಹೋಗ್ತೇನೆ ಅಂತ ಹೇಳು ಮಾವ, ಅಂದೆ.
ಅವನು ಒಲೆ ಕೆದಕುತ್ತಾ ಸುಮಾರು ಹೊತ್ತು ಸುಮ್ಮನಿದ್ದ.
ಆಮೇಲೆ ಕೆಮ್ಮು ಬರುವಷ್ಟು ನಕ್ಕ:
ಅದಕ್ಯಾಕೆ ರಜೆ, ಇಲ್ಲೇ ದುಡಿ
ಅಂದುಬಿಡ್ತಾನಲ್ಲೇ, ಹುಡುಗಿ!